ಒಂದೇ ನಂಬರಿನ ಮೂವತ್ನಾಲ್ಕು ಮಕ್ಕಳು

ಇಪ್ಪತ್ಮೂರು ಸಾವಿರದ ಮುನ್ನೂರ ತೊಂಬತ್ನಾಲ್ಕು ರೂಪಾಯಿ. ನನ್ನ ಸರ್ವೇ ಧಂದೆಯನ್ನು ಕಾಗದದಿಂದ ಕಿತ್ತು ಮೊಬೈಲಿಗೆ ಹಾಕಲು ತಗುಲಿದ ಪೂರ್ತಿ ಖರ್ಚು ಇಷ್ಟು. ಒಂದಕ್ಕೆ ಮೂರು ಸಾವಿರದ ಇನ್ನೂರರಂತೆ ಆರು ಹಳೆ ಸ್ಮಾರ್ಟ್‌ಫೋನು, ಆರು ಸಿಮ್ಮಿಗೆ ಒಂದು ತಿಂಗಳ ರೀಚಾರ್ಜು, ಮೂರು ಪವರ್ ಬ್ಯಾಂಕು, ಕೊರಳಿಗೆ ತೂಗುಹಾಕಿಕೊಳ್ಳಲು ಆರು ರೆಕ್ಸಿನ್ ಚೀಲ. ಮಾಹಿತಿ ಬಂದು ಬೀಳುವ ಆನ್‌ಲೈನ್ ಶೀಟಿಗೆ ಒಂದು ಪೈಸೆಯೂ ಇಲ್ಲ, ಅದು ಪುಕ್ಕಟೆ. ಪುಕ್ಕಟೆ ಅಂದ ಕೂಡಲೇ ನನಗೆ ಸಂಶಯ ಬರುತ್ತದೆ. ಒಂದು ವಾರ ಯೋಚನೆ ಮಾಡಿದೆ. ನನ್ನಂಥವನನ್ನು ಲೂಟಿ ಮಾಡಿ ಅವರಿಗಾದರೂ ಏನು ಸಿಗಬೇಕು ಅನ್ನಿಸಿ ಮುಂದುವರಿದೆ.

ಯಾಕೆ ಖರ್ಚು ಮಾಡಿದೆ ಅಂದರೆ, ಕಾಗದ ನನ್ನನ್ನು ತಿನ್ನುತ್ತಿತ್ತು. ಫಾರ್ಮು ಛಾಪಿಸಬೇಕು, ಬೈಲಹೊಂಗಲದಿಂದ ಹುಬ್ಬಳ್ಳಿಗೆ ಗಂಟು ಕಟ್ಟಿ ಬಸ್ಸಿಗೆ ಹಾಕಬೇಕು, ಅಲ್ಲಿ ಟೈಪು ಮಾಡುವವರು ಅರವತ್ತು ವರ್ಷದ ಮುದುಕಿಯನ್ನು ಆರು ವರ್ಷದ ಹುಡುಗಿ ಮಾಡಿ ಕಳಿಸಬೇಕು, ಅದನ್ನು ತಿದ್ದಲು ಮತ್ತೆ ನಾನೇ ದುಡ್ಡು ಕೊಡಬೇಕು. ಕೆಲಸ ಕೊಟ್ಟವರು ಹಾಕಿದ ಹಣದಲ್ಲಿ ಅರ್ಧ ಇದಕ್ಕೇ ಹೋಗುತ್ತಿತ್ತು.

ಮೊಬೈಲು ಕೊಳ್ಳಲು ಬೆಳಗಾವಿಗೆ ಹೋದೆ. ಅಂಗಡಿಯವ ಐದು ಸಾವಿರ ಹೇಳಿದ.

"ಕಂಪನಿ ಮಾಲ್ ಐತ್ರಿ ಕಾಕಾ."

"ಮತ್ತೇನ ಹೊಲದಾಗ ಬೆಳಿತಾವೇನು? ಆರ ತಗೊಳ್ತೇನಿ. ಒಂದಕ್ಕ ಮೂರು ಸಾವಿರ."

"ಮೂರಕ್ಕ ಬರೇ ಬ್ಯಾಟರಿ ಬರ್ತೈತ್ರಿ."

"ಬ್ಯಾಟರಿ ನೀನ ಇಟ್ಕೋ. ಚಹಾ ತರಸು, ಕುಂತು ಮಾತಾಡೂಣು."

ಎರಡನೇ ಚಹಾಕ್ಕೆ ಮೂರು ಸಾವಿರದ ಇನ್ನೂರಕ್ಕೆ ಇಳಿದ. ಗೆದ್ದೆ ಅಂದುಕೊಂಡು ಬಸ್ಸು ಹತ್ತಿದೆ. ಅವನೂ ಹಾಗೇ ಅಂದುಕೊಂಡಿರಬೇಕು. ಅದು ತಿಳಿದದ್ದು ಸವದತ್ತಿ ತಾಲೂಕಿನ ಹೂಲಿಯಲ್ಲಿ.

ಹೂಲಿಯಲ್ಲಿ ಮನೆಮನೆಯ ಸೌಕರ್ಯದ ಸರ್ವೇ. ಫ್ರಿಜ್ಜು ಇದೆಯೇ, ಶೌಚಾಲಯ ಇದೆಯೇ, ಕಾರು ಇದೆಯೇ. ಸಂಜೆ ಶೀಟು ತೆಗೆದು ನೋಡಿದರೆ ಒಂದು ಓಣಿ ತುಂಬ ಕಾರು. ನಲವತ್ತು ಮನೆಗೆ ನಲವತ್ತು ಫ್ರಿಜ್ಜು. ಕೆಲಸ ಕೊಟ್ಟವರು ಫೋನು ಮಾಡಿ, "ಊರು ಭಾಳ ಸುಧಾರಿಸೈತಲ್ರಿ" ಅಂದರು. ಹೌದ್ರಿ ಅಂದೆ, ದೊಡ್ಡವರ ಸಂತೋಷ ಕೆಡಿಸಬಾರದು ಅಂತ. ಮರುದಿನ ಆ ಓಣಿಗೆ ಹೋದರೆ, ಇದ್ದದ್ದು ಒಂದು ಟ್ರ್ಯಾಕ್ಟರು ಮತ್ತು ಎರಡು ಸೈಕಲ್ಲು. ಆ ಓಣಿಗೆ ಕೊಟ್ಟ ಮೊಬೈಲಿನ ತೆರೆಯ ಕೆಳಗಡೆ ಎರಡು ಬೆರಳಷ್ಟು ಜಾಗ ಸತ್ತಿತ್ತು. ಎಷ್ಟು ಒತ್ತಿದರೂ ಏಳುತ್ತಿರಲಿಲ್ಲ. 'ಇಲ್ಲ' ಅನ್ನುವ ಉತ್ತರ ಅಲ್ಲೇ ಬರುತ್ತಿತ್ತು. ಒತ್ತಿ ಒತ್ತಿ ಸಾಕಾಗಿ, ನಮ್ಮ ಹುಡುಗಿ ಮೇಲಿನ 'ಇದೆ'ಯನ್ನೇ ಒತ್ತುತ್ತ ಹೋಗಿದ್ದಳು. ನೀವು ಹಳೆ ಮೊಬೈಲು ಕೊಳ್ಳುವಾಗ ಬೆಲೆಗಿಂತ ಮೊದಲು ತೆರೆಯ ನಾಲ್ಕೂ ಮೂಲೆ ಒತ್ತಿ ನೋಡಿರಿ. ನಾನು ಬೆಲೆಯನ್ನಷ್ಟೇ ಒತ್ತಿದ್ದೆ.

ನನ್ನ ಪರಿಚಯ ಹೇಳಲೇ ಇಲ್ಲ. ಬೈಲಹೊಂಗಲದವನು. ಪಿಯುಸಿಯಲ್ಲಿ ಎರಡು ಸಲ ಫೇಲಾಗಿ ಈ ಕೆಲಸಕ್ಕೆ ಬಂದೆ. ಸಾಬೂನು, ಬಿತ್ತನೆ ಬೀಜ, ಕುಡಿಯುವ ನೀರು, ಬಾಣಂತನ, ಯಾವುದನ್ನು ಎಣಿಸು ಅಂದರೂ ಎಣಿಸಿದ್ದೇನೆ. ಕಿತ್ತೂರಿನಿಂದ ರಾಮದುರ್ಗದವರೆಗೆ ಯಾವ ಊರಿನ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಅಂತ ಹೇಳಬಲ್ಲೆ. ಮೊನ್ನೆ ಕೆಲಸ ಬಿಟ್ಟೆ. ಮೊಣಕಾಲು ಮೊದಲು ಬಿಟ್ಟವು, ಅವುಗಳ ಹಿಂದೆ ನಾನು.

ಕಾಗದದ ಕಾಲದಲ್ಲಿ ಎಲ್ಲ ಪ್ರಾಮಾಣಿಕವಾಗಿತ್ತು ಅಂತ ನನ್ನ ವಯಸ್ಸಿನವರು ಹೇಳಿದರೆ ನಂಬಬೇಡಿರಿ. ತೊರಗಲ್ ಕೋಟೆಯ ನೆರಳಿಗೆ ಕುಂತು, ಚುರಮುರಿ ತಿನ್ನುತ್ತ, ಮೂವತ್ತು ಮನೆಯ ಫಾರ್ಮನ್ನು ನಾನೇ ತುಂಬಿದ್ದೇನೆ. ಗಂಡ, ಹೆಂಡತಿ, ಎರಡು ಮಕ್ಕಳು, ಒಂದು ಎಮ್ಮೆ. ಬೇಸರವಾದಾಗ ಎಮ್ಮೆಯ ಬದಲು ಆಕಳು. ಆಗ ನನ್ನ ಮೇಲೆ ದೇಸಾಯಿ ಸಾಹೇಬರು ಅಂತ ಒಬ್ಬ ಸೂಪರ್‌ವೈಸರ್ ಇದ್ದರು. ರಾಮದುರ್ಗ ಬಸ್ ಸ್ಟ್ಯಾಂಡಿನ ಎದುರಿನ ಖಾನಾವಳಿಯಲ್ಲಿ ಊಟ ಮುಗಿಸಿ, ಫಾರ್ಮಿನ ಗಂಟು ಬಿಚ್ಚಿ, ಓದದೆ ಮೂಸಿ ನೋಡುತ್ತಿದ್ದರು. ಮೂಸಿದರು. ನನ್ನ ಮೂವತ್ತನ್ನು ಬೇರೆ ಇಟ್ಟರು.

"ಇವು ಯಾವ ಮನಿಗೂ ಹೋಗಿಲ್ಲ."

"ಹೆಂಗ ಹೇಳ್ತೀರಿ ಸಾಹೇಬ್ರ?"

"ಮನಿಗೆ ಹೋದ ಕಾಗದಕ್ಕ ಒಲಿ ಹೊಗಿ ವಾಸನಿ ಬರ್ತೈತಿ. ಚಹಾದ ಕಲಿ ಇರ್ತೈತಿ. ಕೂಸಿನ ಕೈ ಎಣ್ಣಿ ಇರ್ತೈತಿ. ಇವಕ್ಕ ಚುರಮುರಿ ವಾಸನಿ ಬರಾಕತ್ತೈತಿ ಮಗನ. ಎದ್ದ ಹೋಗು."

ಎದ್ದು ಹೋದೆ. ಮೂವತ್ತೂ ಮನೆ ತಿರುಗಿದೆ. ಒಂದರಲ್ಲೂ ಎಮ್ಮೆ ಇರಲಿಲ್ಲ.

ಮೊಬೈಲು ಬಂದ ಮೇಲೆ ಮೂಸುವ ವಿದ್ಯೆಗೆ ಕೆಲಸವಿಲ್ಲದಾಯಿತು. ಅದರ ಜಾಗದಲ್ಲಿ ಗುಂಡಿಗಳು ಬಂದವು. ಕಾಗದದಲ್ಲಿ ಹೊಲ ಎಷ್ಟು ಅಂದರೆ "ಎರಡ ಕೂರಿಗಿ, ಹಳ್ಳದ ಕಡೆ ಚೂರು" ಅಂತ ಬರೆಯುತ್ತಿದ್ದೆವು. ಮೊಬೈಲು ಎಕರೆಯ ಅಂಕಿ ಬಿಟ್ಟು ಏನನ್ನೂ ತೆಗೆದುಕೊಳ್ಳುವುದಿಲ್ಲ. ಒಳ್ಳೆಯದೇ ಆಯಿತು. ಉಳಿದದ್ದು ಒಂದೇ ಪೀಡೆ. ನೆಟ್‌ವರ್ಕ್ ನಿಧಾನವಾದಾಗ ನಮ್ಮವರು 'ಕಳುಹಿಸು' ಅನ್ನುವುದನ್ನು ಎರಡೆರಡು ಸಲ ಒತ್ತುತ್ತಿದ್ದರು. ಸವದತ್ತಿಯ ಒಬ್ಬ ಮುದುಕ ನನ್ನ ಶೀಟಿನಲ್ಲಿ ಐದು ಸಲ ಇದ್ದ. ಐದೂ ಸಲ ಮೊಣಕಾಲು ನೋವು.

ಅದಕ್ಕೆ ಮದ್ದು ಶೀಟಿನಲ್ಲೇ ಸಿಕ್ಕಿತು. ಒಂದು ಗುಂಡಿ ಒತ್ತಿದರೆ, ಒಂದೇ ಫೋನ್ ನಂಬರು ಇರುವ ಸಾಲುಗಳಲ್ಲಿ ಮೊದಲನೆಯದನ್ನು ಇಟ್ಟು ಉಳಿದವನ್ನೆಲ್ಲ ತಾನೇ ಅಳಿಸುತ್ತದೆ. ಐದು ಮುದುಕರು ಕಣ್ಣೆದುರಿಗೆ ಒಬ್ಬ ಮುದುಕನಾದರು. ಆ ದಿನ ನನಗೆ ಬಂದ ಸೊಕ್ಕು ಹೇಳತೀರದು. ಮನೆಯಲ್ಲಿ ಹೆಂಡತಿಯನ್ನು ಕರೆದು ತೋರಿಸಿದೆ. "ನಿಮ್ಮ ಕೆಲಸದ ಅಂಗಿನೂ ಹಿಂಗ ಒಂದ ಮಾಡಿ ಕೊಡ್ರಿ, ಒಗೂದು ಉಳಿತೈತಿ" ಅಂದಳು. ಅಲ್ಲಿಂದ ಮುಂದೆ ಯಾವ ಸರ್ವೇ ಬಂದರೂ ಕಳಿಸುವ ಮುಂಚೆ ಆ ಗುಂಡಿ ಒತ್ತುವುದು ನನಗೆ ಕೈ ತೊಳೆದಷ್ಟು ಸಹಜವಾಯಿತು.

ಈಗ ಮಾದೇವಿಯ ವಿಷಯಕ್ಕೆ ಬರುತ್ತೇನೆ.

ಮಾದೇವಿ ಕಿತ್ತೂರಿನವಳು. ಮೊದಲು ಬ್ಲೌಸು ಹೊಲಿಯುತ್ತಿದ್ದಳು, ಕಣ್ಣು ಸೋತ ಮೇಲೆ ನನ್ನ ಕಡೆ ಬಂದಳು. ಮೊಬೈಲು ಹಿಡಿದು ಮನೆಮನೆ ತಿರುಗುವ ನನ್ನ ಆರು ಮಂದಿಯಲ್ಲಿ ಆಕೆಯಷ್ಟು ಕಿರಿಕಿರಿಯವರು ಬೇರೆ ಇರಲಿಲ್ಲ. ಆಕೆ ತಂದ ಮಾಹಿತಿಯನ್ನು ನಾನು ಎಂದೂ ಮರುಪರೀಕ್ಷೆ ಮಾಡಿಸಲಿಲ್ಲ, ಕಿರಿಕಿರಿಗೆ ಅಷ್ಟು ಬೆಲೆ ಇದೆ. ಆ ಸಲ ಧಾರವಾಡದ ಒಂದು ಸಂಸ್ಥೆಯವರು ಕೆಲಸ ಕೊಟ್ಟಿದ್ದರು. ಕಬ್ಬು ಕಡಿಯಲು ಹೊರಗಿನಿಂದ ಬರುವ ಗ್ಯಾಂಗುಗಳ ಮಕ್ಕಳನ್ನು ಎಣಿಸಬೇಕು. ಆರರಿಂದ ಹದಿನಾಲ್ಕು ವರ್ಷದ ಇಪ್ಪತ್ತು ಮಕ್ಕಳು ಒಂದೇ ಕ್ಯಾಂಪಿನಲ್ಲಿ ಇದ್ದರೆ, ಸೀಜನ್ ಮುಗಿಯುವವರೆಗೆ ಅಲ್ಲೇ ಒಂದು ಟೆಂಟ್ ಶಾಲೆ, ಒಬ್ಬ ಟೀಚರು, ಮಧ್ಯಾಹ್ನದ ಊಟ. ಇಪ್ಪತ್ತು ಇಲ್ಲದಿದ್ದರೆ ಏನೂ ಇಲ್ಲ.

ಎಂ.ಕೆ. ಹುಬ್ಬಳ್ಳಿ ಹತ್ತಿರದ ಒಂದು ಕ್ಯಾಂಪು ಮಾದೇವಿಗೆ ಬಂತು. ಮಹಾರಾಷ್ಟ್ರದ ಬೀಡ ಕಡೆಯ ಗ್ಯಾಂಗು. ಆಕೆ ಎರಡು ದಿನ ಜೋಪಡಿ ಜೋಪಡಿ ತಿರುಗಿ ಒಂದೊಂದು ಮಗುವಿಗೆ ಒಂದೊಂದು ಫಾರ್ಮು ತುಂಬಿ ಕಳಿಸಿದಳು. ನಾನು ಎಲ್ಲ ಕ್ಯಾಂಪುಗಳ ಶೀಟು ತೆಗೆದು, ಗುಂಡಿ ಒತ್ತಿ, ಧಾರವಾಡಕ್ಕೆ ಕಳಿಸಿ, ಊಟ ಮಾಡಿ ಮಲಗಿದೆ.

ಮೂರು ದಿನ ಬಿಟ್ಟು ಧಾರವಾಡದಿಂದ ಮಂಜೂರಾದ ಕ್ಯಾಂಪುಗಳ ಕಚ್ಚಾ ಪಟ್ಟಿ ಬಂತು. ಆರು ಮಂದಿಗೂ ಕಳಿಸಿದೆ. ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಮಾದೇವಿ ಕಿತ್ತೂರಿನಿಂದ ಬಸ್ಸು ಹಿಡಿದು ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಕಾಕಾ, ನನ್ನ ಕ್ಯಾಂಪ್ ಎಲ್ಲಿ ಹೋತ್ರಿ?"

"ಯಾವ ಕ್ಯಾಂಪ?"

"ಎಂ.ಕೆ. ಹುಬ್ಬಳ್ಳಿದು. ಪಟ್ಟಿಯೊಳಗ ಇಲ್ಲ."

"ಮಕ್ಕಳ ಇಲ್ಲಂದ್ರ ಪಟ್ಟಿಯೊಳಗ ಹೆಂಗ ಬರ್ತೈತಿ? ಶೀಟ ನೋಡು, ಒಂದ ಹುಡುಗಿ ಐತಿ. ಧಾರವಾಡದವರು ಖಾತ್ರಿ ಮಾಡ್ಕೊಳ್ಳಾಕ ಅದರ ಅಪ್ಪಗ ಫೋನ್ ಹಚ್ಚಿದ್ರ, ನನಗ ಮಕ್ಕಳ ಇಲ್ಲ ಅಂದಾನ. ಒಂದಿದ್ದದ್ದು ಸೊನ್ನಿ ಆತು."

ಮಾದೇವಿ ಕೂಡಲಿಲ್ಲ. "ಎರಡ ದಿನ ಕಬ್ಬಿನ ರವದಿ ತುಳಕೊಂತ ತಿರಗೇನ್ರಿ. ಒಂದೊಂದ ಕೂಸನ್ನ ಎದುರಿಗೆ ಕುಂದ್ರಿಸಿ ಹೆಸರ ಕೇಳೇನಿ. ಸಾಲಿ ಬರ್ತೈತಿ ಅಂತ ಅವಕ್ಕ ನಾನ ಬಾಯಿಬಿಟ್ಟ ಹೇಳಿ ಬಂದೇನಿ."

"ಅದನ್ಯಾಕ ಹೇಳಾಕ ಹೋಗಿದ್ದಿ? ಎಣಸೂದಷ್ಟ ನಮ್ಮ ಕೆಲಸ. ಶೀಟ ಸುಳ್ಳ ಹೇಳೂದಿಲ್ಲ ಮಾದೇವಿ."

"ಶೀಟಿಗೆ ಬಾಯಿ ಎಲ್ಲಿ ಐತ್ರಿ? ನೀವು ಏನ ಒತ್ತಿದ್ರಿ, ಅದನ್ನ ಹೇಳ್ರಿ."

ಒಳಗಿನಿಂದ ಹೆಂಡತಿ, "ಗುಂಡಿ ಒತ್ತ್ಯಾರವ್ವಾ, ನನ್ನ ಕರದು ತೋರಸ್ಯಾರ" ಅಂದಳು.

ಆನ್‌ಲೈನ್ ಶೀಟಿನಲ್ಲಿ ಒಂದು ಪುಣ್ಯದ ಸೌಲಭ್ಯ ಇದೆ. ನಾವು ಏನೇ ಹಾಳು ಮಾಡಿದರೂ ಹಾಳಾಗುವ ಮುಂಚಿನ ಪ್ರತಿ ಅದರ ಹೊಟ್ಟೆಯಲ್ಲಿ ಉಳಿದಿರುತ್ತದೆ. ಬುಧವಾರದ ಪ್ರತಿಯನ್ನು ಹುಡುಕಿ ತೆಗೆದೆ. ಮೂವತ್ನಾಲ್ಕು ಸಾಲು. ಮೂವತ್ನಾಲ್ಕು ಹೆಸರು. ಎಲ್ಲದರ ಮುಂದೆ ಒಂದೇ ಫೋನ್ ನಂಬರು.

"ಇದ್ಯಾರ ನಂಬರ?"

"ಮುಕಾದಮಂದು. ಗ್ಯಾಂಗಿನ ಮಂದಿ ಯಾರ ಕೇಳಿದ್ರೂ ಮುಕಾದಮನ ನಂಬರ ಕೊಡ್ತಾರ. ಊರಿಂದ ಸತ್ತ ಸುದ್ದಿ ಬಂದ್ರೂ ಅವನ ಫೋನಿಗೇ ಬರ್ತೈತಿ. ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿತ್ತು. ಮೂವತ್ತು ವರ್ಷದಿಂದ ಗೊತ್ತಿತ್ತು. ಮುಕಾದಮ ಅಂದರೆ ಗ್ಯಾಂಗನ್ನು ಕಟ್ಟಿ ಕರೆತರುವ ಮೇಸ್ತ್ರಿ, ಅವನಿಲ್ಲದೆ ಆ ಮಂದಿ ಒಂದು ಕಬ್ಬೂ ಕಡಿಯುವುದಿಲ್ಲ, ಎಲ್ಲ ನನಗೆ ಗೊತ್ತಿತ್ತು. ಗುಂಡಿ ಒತ್ತುವ ಹೊತ್ತಿಗೆ ಮಾತ್ರ ಗೊತ್ತಿರಲಿಲ್ಲ.

ಧಾರವಾಡದ ಮೇಡಂಗೆ ಫೋನು ಹಚ್ಚಿದೆ. ಪಟ್ಟಿಗೆ ಸಹಿ ಹಾಕುವವರು ಅವರೇ. ನಯವಾಗಿ ಎಲ್ಲ ಹೇಳಿದೆ. ಅವರು ನಗಲಿಲ್ಲ.

"ಮೊನ್ನೆ ಒಂದು ಅಂದ್ರಿ. ಅದೂ ಸೊನ್ನಿ ಆತು. ಈಗ ಮೂವತ್ನಾಲ್ಕು ಅಂತೀರಿ. ನಾಳಿ ನಲವತ್ತು ಆಗ್ತಾವೇನ್ರಿ?"

"ಇಲ್ರಿ ಮೇಡಂ, ನನ್ನ ಕೈ ತಪ್ಪು."

"ಕೈ ತಪ್ಪೋ ಬಾಯಿ ತಪ್ಪೋ, ನಾಳಿ ಮಧ್ಯಾಹ್ನ ಹನ್ನೆರಡಕ್ಕ ಪಟ್ಟಿ ಮ್ಯಾಲ ಹೋಗ್ತೈತಿ. ಅದರೊಳಗ ನನಗ ನಂಬಿಕಿ ಬರಬೇಕು. ಹಳೆ ಸಾಲು ಬ್ಯಾಡ, ಹೊಸದಾಗಿ ಎಣಿಸ್ರಿ."

ಸೋಮವಾರ ಬೆಳಿಗ್ಗೆ ಮಾದೇವಿ, ನಾನು ಕ್ಯಾಂಪಿನಲ್ಲಿದ್ದೆವು. ಕಡಿಯುವವರೆಲ್ಲ ಹೊಲಕ್ಕೆ ಹೋಗಿದ್ದರು. ಮುಕಾದಮ ತುಕಾರಾಮ ಮಂಚದ ಮೇಲೆ ಕುಂತು ಎರಡು ಫೋನು ನೋಡುತ್ತಿದ್ದ. ನಮ್ಮನ್ನು ಕಂಡದ್ದೇ ಎದ್ದ.

"ಕಾಕಾ, ಯಾರೋ ಒಬ್ಬಾಕಿ ಫೋನ ಮಾಡಿ ನಿನ್ನ ಮಗಳ ವಯಸ್ಸ ಎಷ್ಟು ಅಂತ ಕೇಳ್ತಾಳ. ಇದು ಲೋನಿನವರ ಆಟ ಅಂತ ತಿಳದು ನನಗ ಮಗಳೂ ಇಲ್ಲ, ಹೆಂಡತಿನೂ ಇಲ್ಲ ಅಂದೆ."

"ಭಾಳ ಶಾಣ್ಯಾ ಅದೀ. ಈಗ ಮಕ್ಕಳನ್ನ ಕರಿ, ಎಣಸಬೇಕು."

"ಎಣಸೂದ ಬ್ಯಾಡ. ಸಾಲಿ ಬ್ಯಾಡ. ದೊಡ್ಡ ಮಕ್ಕಳು ಟೆಂಟಿನ್ಯಾಗ ಕುಂತ್ರ ಸಣ್ಣ ಕೂಸು ಯಾರ ನೋಡ್ತಾರ? ಎತ್ತ ಯಾರ ನೋಡ್ತಾರ?"

ಇಲ್ಲಿ ನನ್ನ ಹೊಟ್ಟೆಪಾಡಿನ ವಿದ್ಯೆ ಕೆಲಸಕ್ಕೆ ಬಂತು. ಅವನ ಮಂಚದ ಮೇಲೇ ಕುಂತೆ, ಅವನಿಂದಲೇ ಚಹಾ ತರಿಸಿದೆ. ಸಣ್ಣ ಕೂಸುಗಳನ್ನೂ ಟೆಂಟಿನ ಒಂದು ಮೂಲೆಯಲ್ಲಿ ಮಲಗಿಸಿಕೊಳ್ಳುತ್ತೇವೆ ಅಂದೆ. ಹಾಗೆ ಹೇಳುವ ಅಧಿಕಾರ ನನಗಿರಲಿಲ್ಲ, ಆದರೆ ಅವನಿಗೆ ಅದು ಗೊತ್ತಿರಲಿಲ್ಲ.

"ಮತ್ತ ಎತ್ತು?"

"ಎತ್ತಿಗೆ ಸಾಲಿ ಇಲ್ಲ ತುಕಾರಾಮ. ಎತ್ತನ್ನ ನೀನ ನೋಡ್ಕೋ, ಮಂಚದ ಮ್ಯಾಲ ಕುಂತು ಏನ ಮಾಡ್ತಿ?"

ನಕ್ಕ. ನಕ್ಕವನು ಅರ್ಧ ಒಪ್ಪಿದ ಹಾಗೆ. ಉಳಿದರ್ಧಕ್ಕೆ ಅವನ ಕರಾರು ಒಂದೇ, ಅವನ ನಂಬರು ಎಲ್ಲ ಕಡೆಯಿಂದ ತೆಗೆಯಬೇಕು. ನನಗೂ ಬೇಕಾದದ್ದು ಅದೇ. ಆದರೂ ಸ್ವಲ್ಪ ಹೊತ್ತು ಕಷ್ಟವಾದವನ ಹಾಗೆ ಮುಖ ಮಾಡಿ, ಆಮೇಲೆ ಒಪ್ಪಿದೆ.

ಹಾಗಾದರೆ ಒಂದು ಮಗುವನ್ನು ಇನ್ನೊಂದರಿಂದ ಬೇರೆ ಮಾಡುವುದು ಹೇಗೆ? ಆರತಿ ಅನ್ನುವವರೇ ನಾಲ್ಕು ಮಂದಿ. ಮಾದೇವಿ ತಡಮಾಡದೆ ಪ್ರತಿ ಜೋಪಡಿಯ ಮುಂದಿದ್ದ ನೀರಿನ ಕೊಡದ ಮೇಲೆ ಮಾರ್ಕರಿನಿಂದ ನಂಬರು ಬರೆಯುತ್ತ ಹೋದಳು. ಏಳನೇ ಕೊಡದ ಎರಡನೇ ಮಗು, ಏಳು-ಎರಡು. ಎರಡು ವರ್ಷ ನನಗೆ ಹೊಳೆಯದ ಉಪಾಯ ಎರಡು ನಿಮಿಷದಲ್ಲಿ ಆಯಿತು. ಹೊಗಳಲಿಲ್ಲ, ಹೊಗಳಿದರೆ ದಿನಗೂಲಿ ಏರಿಸು ಅಂತಾಳೆ.

ಹನ್ನೊಂದು ಗಂಟೆಗೆ ಮೇಡಂಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. "ಮೇಡಂ, ಶೀಟ ತಗದು ಕುಂತ್ರಿ. ನಾವ ಇಲ್ಲಿ ತುಂಬತೇವಿ, ನೀವು ಅಲ್ಲಿ ನೋಡ್ರಿ."

ಆನ್‌ಲೈನ್ ಶೀಟಿನ ನಿಜವಾದ ಗಮ್ಮತ್ತು ಇದು. ಎಂ.ಕೆ. ಹುಬ್ಬಳ್ಳಿಯ ಕಬ್ಬಿನ ಹೊಲದಲ್ಲಿ ಮಾದೇವಿ ಒತ್ತುತ್ತಾಳೆ, ಧಾರವಾಡದ ಮೇಜಿನ ಮೇಲೆ ಸಾಲು ಏಳುತ್ತದೆ. ಮೇಡಂ ದನಿ ಕೇಳುತ್ತಿತ್ತು. "ಒಂದು-ಒಂದು ಬಂತು... ಒಂದು-ಎರಡು... ಈಕಿಗೆ ಓದಾಕ ಬರ್ತೈತೇನು, ಕೇಳ್ರಿ." ಹುಡುಗಿ ನನ್ನ ರೆಕ್ಸಿನ್ ಚೀಲದ ಮೇಲೆ ಮರಾಠಿಯಲ್ಲಿದ್ದ ಅಂಗಡಿ ಹೆಸರು ಓದಿದಳು. ಮೇಡಂ, "ಮುಂದ" ಅಂದರು.

ಹದಿನೇಳಕ್ಕೆ ನಿಂತಿತು. ಕ್ಯಾಂಪಿನಲ್ಲಿ ಇದ್ದ ಮಕ್ಕಳು ಅಷ್ಟೇ. ಉಳಿದವರು ಕಬ್ಬಿನ ತುದಿ ಮೇವು ತರಲು ಬಂಡಿಯ ಸಂಗಡ ಹೋಗಿದ್ದಾರೆ, ಬರುತ್ತಾರೆ ಅಂದ ತುಕಾರಾಮ. ಹನ್ನೊಂದೂವರೆ ಆಯಿತು. ಹತ್ತು ನಿಮಿಷ ಕಮ್ಮಿ ಹನ್ನೆರಡಾಯಿತು. ಬಂಡಿ ಇಲ್ಲ. ನಾನು ಮಾದೇವಿಯ ಕಿವಿಯ ಹತ್ತಿರ ಹೋದೆ.

"ಮೂರು ಹಾಕಿಬಿಡು. ಹಳೆ ಪ್ರತಿಯೊಳಗ ಹೆಸರು, ವಯಸ್ಸು ಎಲ್ಲ ಅದಾವು. ಸುಳ್ಳೇನಲ್ಲಲ್ಲ."

"ಕೂಸು ಎದುರಿಗೆ ಬರ್ಲಿ, ಹಾಕ್ತೇನಿ."

"ಹನ್ನೆರಡ ಆದ ಮ್ಯಾಲ ಬಂದ್ರ ಏನ ಆರತಿ ಮಾಡ್ತೀ ಅವಕ್ಕ?"

"ಮೊದ್ಲ ಒಮ್ಮೆ ನಿಮ್ಮ ಕೈಲೆ ಅಳಿಸಿಕೊಂಡೇನ್ರಿ. ಈಗ ನನ್ನ ಕೈಲೆ ಬರಸಬ್ಯಾಡ್ರಿ."

ಆಗ ನನ್ನ ಕೈಯೊಳಗಿನ ಫೋನು ಮಾತಾಡಿತು. "ನನಗ ಎಲ್ಲಾ ಕೇಳಸಾಕತ್ತೈತ್ರಿ." ಸ್ಪೀಕರು ಆರಿಸಿರಲಿಲ್ಲ. ಇಷ್ಟು ವರ್ಷ ನಾನು ಮಾಡಿದ ಕಳ್ಳತನದಲ್ಲಿ ಮೇಲಿನವರು ನೇರವಾಗಿ ಕೇಳಿಸಿಕೊಂಡದ್ದು ಅದೊಂದೇ. ಮುಖ ಎಲ್ಲಿ ಇಡಬೇಕು ತಿಳಿಯದೆ ತುಕಾರಾಮನ ಎತ್ತಿನ ಕಡೆ ತಿರುಗಿದೆ. ಮೇಡಂ, "ಆ ಅಕ್ಕಾರು ಹೇಳಿದಂಗ ಮಾಡ್ರಿ. ನಾ ಕಾಯ್ತೇನಿ" ಅಂದರು.

ಬಂಡಿ ಬಂದದ್ದು ಹನ್ನೆರಡೂ ಕಾಲಿಗೆ. ಮೇವಿನ ಮೇಲೆ ಎಂಟು ಮಕ್ಕಳು. ಕೆಳಗೆ ಇಳಿಯುವ ಮೊದಲೇ ಮಾದೇವಿ ಕೊಡದ ನಂಬರು ಕೇಳತೊಡಗಿದ್ದಳು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಮೇಡಂ, "ಸಾಕ್ರಿ, ಕ್ಯಾಂಪ್ ಪಟ್ಟಿಗೆ ಬಂತು" ಅಂದರೂ ಮಾದೇವಿ ನಿಲ್ಲಿಸಲಿಲ್ಲ. ಇಪ್ಪತ್ತೈದಕ್ಕೆ ಮುಗಿಯಿತು.

"ನೀವು ಮೂವತ್ನಾಲ್ಕು ಅಂದಿದ್ರಿ. ಉಳಿದ ಒಂಬತ್ತು?" ಮೇಡಂ ಕೇಳಿದರು.

"ಕಬ್ಬಿನ್ಯಾಗ ಅದಾರ್ರಿ" ಅಂದಳು ಮಾದೇವಿ. "ಹನ್ನೆರಡು ಹದಿಮೂರು ವರ್ಷದವರು. ಕುಡಗೋಲು ಹಿಡದಾರ."

ತುಕಾರಾಮ ತನ್ನ ಎರಡನೇ ಫೋನು ನೋಡತೊಡಗಿದ. ಮೇಡಂ, "ಒಂಬತ್ತು ಸಾಲು ಖಾಲಿ ಬಿಡ್ರಿ. ಅವರು ಟೆಂಟಿಗೆ ಬಂದ ದಿನ ತುಂಬ್ರಿ" ಅಂದರು.

ಆ ವಾರದಲ್ಲೇ ಟೆಂಟು ಬಂತು. ಕೂಸುಗಳಿಗೆ ಮೂಲೆಯೂ ಸಿಕ್ಕಿತು, ಅದಕ್ಕಾಗಿ ಮೇಡಂ ಕೈಯಲ್ಲಿ ನಾನು ತಿಂದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಮಾದೇವಿ ತನ್ನ ಸಾಲುಗಳನ್ನು ನಾನು ಮುಟ್ಟದ ಹಾಗೆ ಶೀಟಿಗೆ ಬೀಗ ಹಾಕಿಸಿಕೊಂಡಳು. ನಾನು ಮಾಲೀಕ, ಆದರೂ ನೋಡಬಹುದು ಅಷ್ಟೇ. ಕಾರ್ಖಾನೆಯ ಸೀಜನ್ ಮುಗಿಯುವ ಹೊತ್ತಿಗೆ ಒಂಬತ್ತರಲ್ಲಿ ನಾಲ್ಕು ಸಾಲು ತುಂಬಿತ್ತು. ಐದು ತುಂಬಲಿಲ್ಲ. ಗ್ಯಾಂಗು ಊರಿಗೆ ಹೋಯಿತು.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಇಷ್ಟು ಹೇಳುತ್ತೇನೆ. ದುಬಾರಿ ಸಾಫ್ಟ್‌ವೇರ್ ಮಾರುವವರು ಬಂದರೆ ಚಹಾ ಕುಡಿಸಿ ಕಳಿಸಿರಿ, ಒಂದು ತಾಲೂಕಿಗೆ ಪುಕ್ಕಟೆ ಶೀಟು ಸಾಕು. ಫೋನ್ ನಂಬರನ್ನು ಮನುಷ್ಯನ ಗುರುತು ಅಂತ ತಿಳಿಯಬೇಡಿರಿ, ನಮ್ಮ ಕಡೆ ಅದು ಒಮ್ಮೊಮ್ಮೆ ಇಡೀ ಊರಿನ ಗುರುತು. ಗುರುತು ಯಾವುದು ಇರಬೇಕು ಅಂತ, ಫಾರ್ಮು ಮಾಡುವ ಮೊದಲೇ ತಿರುಗುವವರನ್ನು ಕೇಳಿರಿ. ಎರಡು ಸಾಲು ಒಂದೇ ಥರ ಕಂಡರೆ ಬಣ್ಣ ಹಚ್ಚಿ ಇಡಿರಿ, ಅಳಿಸುವ ಗುಂಡಿಗೆ ಕೈ ಹಚ್ಚಬೇಡಿರಿ. ಮೇಲಿನವರ ಫೋನು ಹಿಡಿದಾಗ ಸ್ಪೀಕರು ಆರಿದೆಯೋ ಇಲ್ಲವೋ ನೋಡಿ ಆಮೇಲೆ ಪಿಸುಗುಟ್ಟಿರಿ. ಇನ್ನು ನಿಮ್ಮ ಶೀಟಿನಲ್ಲಿ ಖಾಲಿ ಸಾಲು ಉಳಿದಿದ್ದರೆ, ಚಂದ ಕಾಣುವುದಿಲ್ಲ ಅಂತ ತೆಗೆಯಬೇಡಿರಿ. ಆ ಸಾಲು ಯಾವ ಕ್ಯಾಂಪಿನದು, ಯಾವ ಕೊಡದ್ದು ಅಂತ ಚೀಟಿ ಬರೆದು ಕಿಸೆಯಲ್ಲಿ ಇಟ್ಟುಕೊಳ್ಳಿರಿ. ಮುಂದಿನ ಸೀಜನ್ನಿಗೆ ಗ್ಯಾಂಗು ಬಂತು ಅಂತ ಸುದ್ದಿ ತಿಳಿದ ದಿನ ಬಸ್ಸು ಹಿಡಿದು ಅಲ್ಲಿ ಇಳಿಯಿರಿ.